ಕೆಟ್ಟ ದಿನಗಳ ಪುಸ್ತಕ

ಸೆಪ್ಟೆಂಬರ್ ೧೯, ಮಂಗಳವಾರ

ಈ ಪುಸ್ತಕ ಲೊರೇನ್ ಕೊಟ್ಟದ್ದು. ಸೆಡೂನ ಪಟ್ಟಣದಿಂದ ಇಲ್ಲಿಯವರೆಗೆ ಕಾರು ಓಡಿಸಿಕೊಂಡು ಬಂದು, ಚಹಾ ಕುಡಿಯುವ ಮೊದಲೇ ಮೇಜಿನ ಮೇಲೆ ಇಟ್ಟಳು. ನನ್ನ ಮಗಳು ಟೆಗನ್‌ಗೆ ಇರುವಂತೆ ಅವಳ ಇಬ್ಬರು ಮೊಮ್ಮಕ್ಕಳಿಗೂ ಆಟಿಸಂ ಇದೆ. ಈ ಕರಾವಳಿಯ ಉದ್ದಕ್ಕೂ ಅಂಥ ಮಕ್ಕಳಿರುವ ಮನೆಗಳ ಅರ್ಜಿಗಳನ್ನೆಲ್ಲ ತಿದ್ದಿಕೊಡುವವಳು ಅವಳೇ.

"ದಿನಾ ಬರಿ ಕೆರಿನ್. ಒಳ್ಳೇದು ಬರೀಬೇಡ, ಕೆಟ್ಟದ್ದು ಬರಿ. ಎಲ್ಲಿ ಕಚ್ಚಿದಳು, ಏನು ಒಡೆದಳು, ಎಷ್ಟು ಹೊತ್ತು ಕಿರುಚಿದಳು. ಫಾರ್ಮು ತುಂಬೋವಾಗ ನಮಗೆ ಅದೇ ಬೇಕಾಗೋದು."

"ಒಳ್ಳೆ ದಿನಾನೂ ಇರತ್ತಲ್ಲ?"

"ಒಳ್ಳೆ ದಿನಕ್ಕೆ ಯಾರೂ ಏನೂ ಕೊಡಲ್ಲ ಕಣೇ."

ಫಾರ್ಮು ನ್ಯಾನ್ಕಿವೆಲ್ ಪ್ರತಿಷ್ಠಾನದ್ದು. ಉಣ್ಣೆ ವ್ಯಾಪಾರದಲ್ಲಿ ಬೆಳೆದ ಹಳೆಯ ಮನೆತನ. ಈ ವರ್ಷದ ನೆರವನ್ನೆಲ್ಲ ಆಟಿಸಂ ಇರುವ ಮಕ್ಕಳಿಗೆಂದು ಮೀಸಲಿಟ್ಟಿದ್ದಾರೆ. ಕೊನೆಯ ದಿನ ಅಕ್ಟೋಬರ್ ೨೦. ಟೆಗನ್‌ಗೆ ನಾನು ಕೇಳುತ್ತಿರುವುದು ಮಾತಾಡುವ ಫಲಕ: ಚಿತ್ರ ಒತ್ತಿದರೆ ಅದು ದನಿ ಕೊಡುತ್ತದೆ. ಜೊತೆಗೆ ಒಂದು ವರ್ಷ, ವಾರಕ್ಕೊಮ್ಮೆ, ಮಾತಿನ ತಜ್ಞೆಯ ಪಾಠ. ಈಗ ಅವಳು ಅಡಿಲೇಡಿನಿಂದ ಮೂರು ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾಳೆ. ಹೋದ ಸಲ ನನ್ನನ್ನು ಬದಿಗೆ ಕರೆದು ಹೇಳಿದಳು, "ಐದು ವರ್ಷದವಳಿದ್ದಾಗ ಇವಳಿಗೆ ಒಂಬತ್ತು ಮಾತಿತ್ತು. ಈಗ ಎಂಟು ವರ್ಷ ಆಯ್ತು, ನಾಲ್ಕೇ ಮಾತು ಉಳಿದಿದೆ. ಪ್ರಯತ್ನಾನೇ ಬಿಟ್ಟುಬಿಡ್ತಾ ಇದಾಳೆ. ಅದಕ್ಕೆ ಮೊದಲು ಏನಾದ್ರೂ ಮಾಡಿ."

ಆ ನಾಲ್ಕು: ಬೇಡ, ನೀರು, ಬಿಸ್ಕತ್ತು, ಡಾಟ್. ಡಾಟ್ ಎಂದರೆ ಪಕ್ಕದ ಮನೆಯ ಅಜ್ಜಿ, ನಾನು ಕೆಲಸ ಮಾಡುವ ಕಡೆಯ ಧಣಿ ಮರ್ವ್‌ನ ಹೆಂಡತಿ. ನಾನು ಸಮುದ್ರದಲ್ಲಿ ಸಿಂಪಿಚಿಪ್ಪು ಸಾಕುವ ಕೆಲಸಕ್ಕೆ ಹೋದಾಗ ಟೆಗನ್‌ಳನ್ನು ನೋಡಿಕೊಳ್ಳುವವಳು. ಅಮ್ಮ ಎಂಬ ಮಾತು ಆ ನಾಲ್ಕರಲ್ಲಿ ಇಲ್ಲ. ಇದನ್ನೂ ಫಾರ್ಮಿಗೆ ಬರೆಯಬಹುದು.

ಸೆಪ್ಟೆಂಬರ್ ೨೧

ಕೆಟ್ಟದ್ದು: ಸೆಡೂನದ ಅಂಗಡಿಯಲ್ಲಿ ದೀಪವೊಂದು ಮಿಣುಕುತ್ತಿತ್ತು. ಟೆಗನ್ ನೆಲದ ಮೇಲೆ ಮಲಗಿಬಿಟ್ಟಳು. ಹದಿನೇಳು ನಿಮಿಷ. ಒಬ್ಬ ಮಹಾಶಯ ತಳ್ಳುಗಾಡಿಯನ್ನು ಅವಳ ಕಾಲು ದಾಟಿಸಿಕೊಂಡು ಹೋದ. ನನ್ನನ್ನು ನೋಡಿದ ನೋಟ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ.

ಬೆಳಗ್ಗೆ ನನ್ನ ರಬ್ಬರ್ ಬೂಟುಗಳನ್ನು ಮತ್ತೆ ಹಿಂಬಾಗಿಲ ಬಳಿ ಜೋಡಿಸಿಟ್ಟಿದ್ದಳು, ಮೂತಿ ಹೊರಗೆ ಮಾಡಿ. ಕೆಲಸದ ದಿನವೆಲ್ಲ ಇದೇ. ನನ್ನನ್ನು ಸಾಗಹಾಕಲು ಎಷ್ಟು ಆತುರ ಇವಳಿಗೆ! ಹೋಗಲಿ, ಅದೂ ಒಂದು ಮಾತೇ ಎಂದುಕೊಂಡೆ.

ಆ ಬಾಗಿಲ ಹಿಂದೆ ತೂಗುಹಾಕಿದ, ಸಮುದ್ರದ ನೀರು ಇಳಿಯುವ ವೇಳೆ ತಿಳಿಸುವ ಇಳಿತದ ಪಟ್ಟಿಯ ಮೊಳೆ ಕಿತ್ತುಬಂದು, ಪಟ್ಟಿ ಕೆಳಗೆ ಜಾರಿ ನೇತಾಡುತ್ತಿದೆ. ನಾನು ಬಗ್ಗಿ ನೋಡಬೇಕು. ಸರಿಮಾಡಬೇಕು.

ಸೆಪ್ಟೆಂಬರ್ ೨೩

ಇವತ್ತು ಡಾಜ್, ಎಂದರೆ ಇಳಿತವಿಲ್ಲದ ದಿನ. ನೀರು ಹೋಗುವುದೂ ಇಲ್ಲ, ಬರುವುದೂ ಇಲ್ಲ, ಇಡೀ ದಿನ ಮೊಣಕಾಲ ಮೇಲೆ ನಿಂತಿರುತ್ತದೆ. ಸಿಂಪಿಯ ಬುಟ್ಟಿಗಳು ನೀರಿನಿಂದ ಮೇಲೆ ಬರದಿದ್ದರೆ ನಮಗೆ ಕೆಲಸವಿಲ್ಲ. ಮಲಗಿದೆ. ಟೆಗನ್ ಇವತ್ತು ಬೂಟು ಮುಟ್ಟಲಿಲ್ಲ. ಮರೆತಿರಬೇಕು.

ಕೆಟ್ಟದ್ದು ಏನೂ ಇಲ್ಲ. ಲೊರೇನ್‌ಗೆ ಬೇಜಾರಾಗುತ್ತದೆ.

ಸೆಪ್ಟೆಂಬರ್ ೩೦, ಶನಿವಾರ

ಶಾಲೆಗೆ ರಜೆ ಶುರು. ಮರ್ವ್ ಕೂಡ ಸೋಮವಾರದವರೆಗೆ ಕೆಲಸ ಮುಚ್ಚಿದ್ದಾನೆ. ಫಾರ್ಮು ಹಿಡಿದು ಕುಳಿತೆ. ಒಂಬತ್ತನೆಯ ಪ್ರಶ್ನೆ ಖಾಲಿ ಬಿಟ್ಟಿದ್ದೇನೆ: "ಮಗುವಿನ ಅತ್ಯಂತ ಕಷ್ಟದ ಒಂದು ದಿನವನ್ನು ವಿವರಿಸಿ." ಉಳಿದವನ್ನು ಫೋನಿನಲ್ಲಿ ಲೊರೇನ್ ಹೇಳುತ್ತ ಹೋದಳು, ನಾನು ತುಂಬುತ್ತ ಹೋದೆ.

"ಹತ್ತು. ಓದಕ್ಕೆ ಬರತ್ತಾ?"

"ಶಾಲೇಲಿ ಅಕ್ಷರ ತೋರಿಸಿದ್ರೆ ಕಿಟಕಿ ಕಡೆ ನೋಡ್ತಾಳಂತೆ."

"ಇಲ್ಲ ಅಂತ ಬರಿ. ಹನ್ನೊಂದು. ಅವಳ ಬಗ್ಗೆ ಬೇರೆಯೋರು ಆಡೋ ಮಾತು ಅವಳಿಗೆ ಅರ್ಥ ಆಗತ್ತಾ?"

ನಾನು ಬಗ್ಗಿ ನೋಡಿದೆ. ಟೆಗನ್ ಮೇಜಿನ ಕೆಳಗೆ ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಇಡುತ್ತಿದ್ದಳು.

"ಗೊತ್ತಿಲ್ಲ ಲೊರೇನ್."

"ಗೊತ್ತಿಲ್ಲ ಅಂತ ಬರೆದ್ರೆ ಆಮೇಲೆ ನೋಡೋಣ ಅನ್ನೋ ಗುಂಪಿಗೆ ಹಾಕ್ತಾರೆ. ಇಲ್ಲ ಅಂತ ಬರಿ."

ಬರೆದೆ. ಬೇಸಿಗೆ ಬರುತ್ತಿದೆ, ಪ್ರತಿ ವರ್ಷದಂತೆ ನಾಳೆಯಿಂದ ಎಲ್ಲರ ಗಡಿಯಾರವೂ ಒಂದು ಗಂಟೆ ಮುಂದಕ್ಕೆ.

ಅಕ್ಟೋಬರ್ ೩, ಮಂಗಳವಾರ

ಸಿಕ್ಕಿತು. ಒಂಬತ್ತನೆಯ ಪ್ರಶ್ನೆಗೆ ಬೇಕಾದ ದಿನ ಸಿಕ್ಕಿತು.

ಪಟ್ಟಿಯಲ್ಲಿ ಇಳಿತ ಹತ್ತೂ ಇಪ್ಪತ್ತಕ್ಕೆ. ಒಂದೂವರೆ ಗಂಟೆ ಮೊದಲು ದೋಣಿ ಹೊರಡಬೇಕು, ಅದು ಮರ್ವ್‌ನ ಕಟ್ಟುನಿಟ್ಟು. ಎಂಟೂವರೆಗೆ ಡಾಟ್ ಬಂದಳು. ಬಾಗಿಲ ಬಳಿ ಬೂಟು ಇರಲಿಲ್ಲ. ನೋಡಿದರೆ ಟೆಗನ್ ಅವನ್ನು ಅಪ್ಪಿಕೊಂಡು ಮೂಲೆಯಲ್ಲಿ ಕುಳಿತಿದ್ದಾಳೆ. ಕೊಡು ಎಂದೆ. "ಬೇಡ" ಎಂದಳು. ಆಟಕ್ಕೆ ಹೊತ್ತಿಲ್ಲ ಎಂದೆ. "ಬೇಡ, ಬೇಡ." ಒಂದು ಬೂಟು ಎಳೆದೆ. ಅವಳು ಇನ್ನೊಂದರ ಮೇಲೆ ಅಡ್ಡ ಬಿದ್ದಳು. ಕಿರುಚು ಶುರುವಾಯಿತು. ತಲೆಯನ್ನು ಬಾಗಿಲಿಗೆ ಬಡಿದುಕೊಂಡಳು, ಆ ಪಟ್ಟಿ ನೇತಾಡುವ ಕಡೆಗೇ, ಮತ್ತೆ ಮತ್ತೆ. ತನ್ನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿಕೊಂಡಳು. ನಾನು ಹಿಡಿದುಕೊಳ್ಳಲು ಹೋದರೆ ನನ್ನ ಕೈಯನ್ನೂ ಕಚ್ಚಿದಳು. ಕೊನೆಗೆ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೂಟು ಕಿತ್ತುಕೊಂಡೆ. ನಾನೂ ಕಿರುಚಿದೆ. ಏನೆಂದು ಕಿರುಚಿದೆ ಎನ್ನುವುದನ್ನು ಬರೆಯುವುದಿಲ್ಲ.

"ನೀನು ಹೋಗು, ನಾನಿದೀನಿ," ಎಂದು ಡಾಟ್ ನನ್ನನ್ನು ಹೊರಗೆ ತಳ್ಳಿದಳು. ದಾರಿಯುದ್ದಕ್ಕೂ ಅತ್ತೆ.

ದಡಕ್ಕೆ ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ನೀರು ದೋಣಿಕಟ್ಟೆಯ ಮೂರನೆಯ ಮೆಟ್ಟಿಲವರೆಗೆ ತುಂಬಿ ನಿಂತಿದೆ. ಮರ್ವ್ ಒಬ್ಬನೇ ದೋಣಿಯಲ್ಲಿ ಕುಳಿತು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಳ್ಳುತ್ತಿದ್ದವನು ನನ್ನನ್ನು ಕಂಡು ತೊಡೆ ತಟ್ಟಿ ನಕ್ಕ.

"ಗಡಿಯಾರ ಮುಂದಿಟ್ಟೆ, ಪಟ್ಟಿ ಮುಂದಿಡೋದು ಮರೆತೆ ಅಲ್ವೇನಮ್ಮಾ? ಪಟ್ಟಿ ಅಚ್ಚು ಹಾಕೋರಿಗೆ ಬೇಸಿಗೆ ಗಡಿಯಾರ ಗೊತ್ತಿಲ್ಲ. ಹನ್ನೊಂದೂ ಇಪ್ಪತ್ತಕ್ಕೆ ಇಳಿತ. ಪ್ರತಿ ವರ್ಷ ಒಬ್ಬರು ಬೀಳ್ತಾರೆ, ಈ ವರ್ಷ ನೀನು. ಶುಕ್ರವಾರ ಎಲ್ಲರಿಗೂ ಮಾಂಸದ ಪೈ ತಿನ್ನಿಸೋ ದಂಡ ನಿಂದೇ."

ಇಪ್ಪತ್ತು ವರ್ಷದಿಂದ ಈ ಕೆಲಸ ಮಾಡುವ ನಾನು! ಒಂದು ಗಂಟೆ ಮೊದಲೇ ಬಂದದ್ದಕ್ಕೆ ಅಷ್ಟೊಂದು ರಂಪ. ಮನೆಗೆ ಬಂದಾಗ ಟೆಗನ್ ಮಲಗಿದ್ದಳು. ಹಣೆ ಊದಿತ್ತು. ನಲವತ್ತು ನಿಮಿಷ ಕಿರುಚಿದಳಂತೆ.

ಅಕ್ಟೋಬರ್ ೪

ನಿನ್ನೆಯದನ್ನು ಒಂದು ಪುಟ ಬರೆದು ಲೊರೇನ್‌ಗೆ ಫೋನಿನಲ್ಲಿ ಓದಿ ಹೇಳಿದೆ. "ಯಾವ ಕಾರಣವೂ ಇಲ್ಲದೆ ನನ್ನ ಬೂಟು ಕಿತ್ತುಕೊಂಡು, ತನ್ನನ್ನೂ ನನ್ನನ್ನೂ ಕಚ್ಚಿ..." ಅಲ್ಲಿಂದ ಕೊನೆಯವರೆಗೆ. ಲೊರೇನ್ ಮೂಗು ಒರೆಸಿಕೊಂಡದ್ದು ಕೇಳಿಸಿತು.

"ಸಾಕು ಕಣೇ. ಇದನ್ನ ಓದಿ ಕೊಡಲ್ಲ ಅನ್ನೋರು ಮನುಷ್ಯರೇ ಅಲ್ಲ."

ಟೆಗನ್ ಅಲ್ಲೇ ಕ್ಲಿಪ್ಪು ಜೋಡಿಸುತ್ತಿದ್ದಳು. ಬಟ್ಟೆ ಒಣಹಾಕಿ ಒಳಗೆ ಬರುವಷ್ಟರಲ್ಲಿ ಆ ಪುಟ ಪಾತ್ರೆ ತೊಳೆಯುವ ನೀರಿನಲ್ಲಿ ಮುಳುಗಿತ್ತು. ಕಾಗದ ಕಂಡರೆ ನೀರಿಗೆ ಹಾಕುವುದು, ಇದೊಂದು ಹೊಸ ಚಾಳಿ. ಪುಣ್ಯಕ್ಕೆ ಉಳಿದ ಎಂಟು ಪುಟ ಮೇಜಿನ ಮೇಲೆ ಒದ್ದೆಯಾಗದೆ ಹಾಗೆಯೇ ಇದ್ದವು. ಮತ್ತೆ ಬರೆದೆ.

ಅಕ್ಟೋಬರ್ ೫

ಮತ್ತೆ ಬರೆದದ್ದೂ ನೀರಿಗೆ. ಮೂರನೆಯ ಸಲ ಡಾಟ್‌ಳ ಮನೆಯಲ್ಲಿ ಕುಳಿತು ಬರೆದು, ನೇರ ಅಂಚೆಗೆ ಹಾಕಿದೆ. ಮುಗಿಯಿತು.

ಬೂಟು ಮುಟ್ಟುತ್ತಿಲ್ಲ. ನಾನೇ ತೆಗೆದುಕೊಂಡೆ.

ಅಕ್ಟೋಬರ್ ೯

ಅರ್ಜಿ ಹೋದ ಮೇಲೆ ಈ ಪುಸ್ತಕದ ಕೆಲಸವಿಲ್ಲ. ಆದರೂ ಕೈ ಅದರ ಮೇಲೇ ಹೋಗುತ್ತದೆ.

ಸಂಜೆ ಟೆಗನ್ ಜೊತೆ, ನೀರಿನೊಳಗೆ ಚಾಚಿದ ದೋಣಿಕಟ್ಟೆಯ ತುದಿಯವರೆಗೆ ನಡೆದೆ. ಅವಳು ಪ್ರತಿ ಹಲಗೆಯನ್ನೂ ಮೆಟ್ಟಬೇಕು, ಒಂದೂ ಬಿಡುವಂತಿಲ್ಲ. ಸಾಮಾನ್ಯವಾಗಿ ಕೈ ಹಿಡಿದು ಎಳೆದುಕೊಂಡು ಹೋಗುತ್ತೇನೆ. ಇವತ್ತು ಅವಸರವಿರಲಿಲ್ಲ, ನಾನೂ ಮೆಟ್ಟಿದೆ. ತುದಿಯಲ್ಲಿ ಹೊಟ್ಟೆಯ ಮೇಲೆ ಮಲಗಿ, ಕಂಬದ ಮೇಲಿನ ಒದ್ದೆ ಗೆರೆ ನೋಡುತ್ತ ಬಹಳ ಹೊತ್ತು ಇದ್ದಳು. ನಾನೂ ಮಲಗಿದೆ. ಗೆರೆ ಇಷ್ಟಿಷ್ಟೇ ಕೆಳಗಿಳಿಯುವುದು ಕಾಣುತ್ತದೆ, ತಾಳ್ಮೆಯಿಂದ ನೋಡಿದರೆ. ಅವಳು ಗುನುಗುತ್ತಿದ್ದಳು. ಬಿಸ್ಕತ್ತು ಹಂಚಿಕೊಂಡೆವು. ಹಿಂದಿರುಗುವಾಗ ನನ್ನ ಜೇಬಿನೊಳಗೆ ಕೈ ಇಟ್ಟುಕೊಂಡಳು. ಇದರಿಂದ ಯಾರಿಗೂ ಏನೂ ಉಪಯೋಗವಿಲ್ಲ, ಬರೆದಿಟ್ಟಿದ್ದೇನೆ.

ಅಕ್ಟೋಬರ್ ೧೨, ಗುರುವಾರ

ಕ್ರಮವಾಗಿ ಬರೆಯಬೇಕು.

ಮಧ್ಯಾಹ್ನ ಡಾಟ್ ಚಹಾ ಕುಡಿಯುತ್ತ ಸಹಜವಾಗಿ ಕೇಳಿದಳು, "ಯಾಕೋ ಬೂಟಿನ ಕೆಲಸ ಬಿಟ್ಟುಬಿಟ್ಟಿದಾಳೆ ನಮ್ಮ ಹುಡುಗಿ. ಮೊದಲು ಎಷ್ಟು ಚಂದ, ಪಟ್ಟಿ ನೋಡೋದು, ಒಲೆ ಮೇಲಿನ ಗಡಿಯಾರ ನೋಡೋದು, ಬೂಟು ಇಡೋದು."

"ಪಟ್ಟಿ ನೋಡೋದಾ?"

"ಬೆರಳಿಟ್ಟು ನೋಡ್ತಿದ್ದಳಲ್ಲ. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ನಾನು ಆ ಹೊತ್ತಿಗೆ ಯಾವಾಗಲೂ ಬುತ್ತಿ ಕಟ್ಟುತ್ತಿರುತ್ತೇನೆ, ಅವಳ ಕಡೆ ಬೆನ್ನು ಮಾಡಿ.

ಎದ್ದು ಹೋಗಿ ಪಟ್ಟಿಯ ಪುಟ ತಿರುಗಿಸಿ ನವೆಂಬರ್ ಮಾಡಿದೆ. ಸುಮ್ಮನೆ ಕುರ್ಚಿಯಲ್ಲಿ ಕುಳಿತೆ. ಟೆಗನ್ ಆ ಕಡೆ ಹೋದವಳು ನಿಂತಳು. ಪುಟ ಹಿಂದಕ್ಕೆ ತಿರುಗಿಸಿದಳು. ಅಕ್ಟೋಬರ್. ಬೆರಳು ಹನ್ನೆರಡರ ಮೇಲೆ ಬಂತು, ಇಳಿತದ ವೇಳೆಗೆ ಸರಿಯಿತು, ಆಮೇಲೆ ಪುಟದ ಬುಡಕ್ಕೆ ಜಾರಿತು. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ. ಮೊಳೆ ಬಿದ್ದ ಮೇಲೆ ಅದು ಸರಿಯಾಗಿ ಅವಳ ಕಣ್ಣಿನ ಎತ್ತರಕ್ಕೆ ಬಂದಿದೆ. ಬೆರಳು ಆ ಸಾಲಿನ ಉದ್ದಕ್ಕೂ ಹೋಯಿತು. ನಾನು ಮಂಡಿಯೂರಿ ಓದಿದೆ.

"ಬೇಸಿಗೆ ವೇಳೆ ಜಾರಿಯಲ್ಲಿರುವಾಗ ಒಂದು ಗಂಟೆ ಕೂಡಿಸಿ."

ಪಟ್ಟಿ ಇಟ್ಟುಕೊಂಡ ಇಪ್ಪತ್ತು ವರ್ಷದಲ್ಲಿ ಆ ಸಾಲನ್ನು ನಾನು ಓದಿಯೇ ಇರಲಿಲ್ಲ. ಎಲ್ಲರೂ ಬಾಯಿಮಾತಿನಲ್ಲೇ ಕಲಿತವರು.

ಆಮೇಲೆ ಮೂರನೆಯ ತಾರೀಖು ನೆನಪಾಯಿತು. ಹೊತ್ತಾಗಿಲ್ಲ, ಇನ್ನೂ ಒಂದು ಗಂಟೆ ಇದೆ, ನೀನು ತಪ್ಪು ನೋಡಿದ್ದೀಯ ಎಂದು ಅವಳು ಹೇಳುತ್ತಿದ್ದಳು. ತನ್ನಲ್ಲಿದ್ದ ಒಂದೇ ಮಾತಿನಲ್ಲಿ ಹೇಳಿದಳು: ಬೇಡ. ನಾನು ಬೆರಳು ಬಿಡಿಸಿ ಕಿತ್ತುಕೊಂಡೆ. ತಲೆ ಚಚ್ಚಿಕೊಂಡದ್ದೂ ಆ ಸಾಲಿನ ಮೇಲೆಯೇ.

ಅದರ ಹಿಂದೆಯೇ ನೀರಿನಲ್ಲಿ ಮುಳುಗಿದ ಪುಟ ನೆನಪಾಯಿತು. ಎರಡು ಸಲವೂ ಅದೊಂದೇ ಪುಟ. ಓದಿದ್ದಾಳೆ. ನಾನು ಅವಳ ಬಗ್ಗೆ ಬರೆದದ್ದನ್ನು ಓದಿದ್ದಾಳೆ. ಓದದಿದ್ದರೂ ನಾನು ಫೋನಿನಲ್ಲಿ ಓದಿ ಹೇಳಿದ್ದನ್ನು ಕೇಳಿಸಿಕೊಂಡಿದ್ದಾಳೆ. ಈ ಪುಸ್ತಕವೂ ಮೇಜಿನ ಮೇಲೆಯೇ ಬಿದ್ದಿರುತ್ತದೆ, ದೇವರೇ.

ಅಕ್ಟೋಬರ್ ೧೩

ಏನೂ ಬರೆಯಲಾರೆ.

ಅಕ್ಟೋಬರ್ ೧೭, ಮಂಗಳವಾರ

ಲೊರೇನ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ಮೊದಲು ಖುಷಿಪಟ್ಟಳು, ನಿಜವಾಗಿಯೂ ಕೂಗಿಕೊಂಡಳು. ಆಮೇಲೆ ದನಿ ತಗ್ಗಿಸಿದಳು.

"ಅರ್ಜಿ ಮಾತ್ರ ಮುಟ್ಟಬೇಡ."

"ಅದ್ರಲ್ಲಿರೋದು ಸುಳ್ಳು ಲೊರೇನ್."

"ಅವಳು ಕಚ್ಚಿದ್ದು ಸುಳ್ಳಾ? ರಕ್ತ ಬಂದಿದ್ದು ಸುಳ್ಳಾ? ಓದ್ತಾಳೆ ಅಂತ ಹೇಳು, ಹಾಗಾದ್ರೆ ಇವಳಿಗೇನು ಕಷ್ಟ ಅಂತಾರೆ. ಒಂದು ಸಲ ನೆರವಿನ ಪಟ್ಟಿಯಿಂದ ಜಾರಿದ್ರೆ ಮುಗೀತು. ನನ್ನ ಮೊಮ್ಮಕ್ಕಳಿಗೆ ಹಂಗೇ ಆಯ್ತು. ನಾನು ಒಂದು ಒಳ್ಳೆ ಸುದ್ದಿ ಬರೆದೆ, ಆ ವರ್ಷ ಕೈ ಖಾಲಿ. ಫಲಕ ಬರಲಿ, ಆಮೇಲೆ ನಿಂಗೆ ಎಷ್ಟು ಬೇಕೋ ಅಷ್ಟು ನಿಜ ಹೇಳ್ಕೋ."

ಅವಳು ಹೇಳುವುದರಲ್ಲಿ ತಪ್ಪಿಲ್ಲ. ಅದೇ ಕಷ್ಟ. ಇಡೀ ಬೆಳಗ್ಗೆ ಬುಟ್ಟಿ ಜಾಲಿಸುತ್ತ ಅದನ್ನೇ ಯೋಚಿಸಿದೆ. ಫಲಕ ಬೇಕು. ಅದು ಇಲ್ಲದೆ ಹೋದರೆ ಉಳಿದ ನಾಲ್ಕೂ ಹೋಗಬಹುದು. ಆದರೆ ಇವಳು ಆ ಫಲಕ ಹಿಡಿದು ಬೆಳೆಯುವಾಗ, ನಾನು ಯಾವ ಮಾತು ಬರೆದು ಅದನ್ನು ತಂದೆನೆಂಬುದು ಇವಳಿಗೆ ಗೊತ್ತೇ ಇರುತ್ತದೆ. ಗೊತ್ತಿಲ್ಲ ಎಂದು ನಾನು ಇನ್ನು ಸುಳ್ಳು ಹೇಳಿಕೊಳ್ಳುವ ಹಾಗಿಲ್ಲ.

ಮನೆಗೆ ಬಂದು ಪತ್ರ ಬರೆದೆ. "ಒಂಬತ್ತನೆಯ ಪ್ರಶ್ನೆಗೆ ನಾನು ಬರೆದದ್ದು ನಡೆದದ್ದೇ. ಆದರೆ 'ಯಾವ ಕಾರಣವೂ ಇಲ್ಲದೆ' ಎಂಬುದನ್ನು ಹೊಡೆದುಹಾಕಿ. ಕಾರಣವಿತ್ತು, ಅವಳು ಹೇಳಿದ್ದು ಸರಿಯಿತ್ತು, ತಪ್ಪು ನನ್ನದು. ಹತ್ತಕ್ಕೂ ಹನ್ನೊಂದಕ್ಕೂ ಉತ್ತರ: ಹೌದು." ಕೆಳಗೆ ಪಟ್ಟಿಯ ಕಥೆಯನ್ನು ಪೂರ್ತಿ ಬರೆದೆ.

ಪತ್ರವನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟು ಬಟ್ಟೆ ಒಣಹಾಕಲು ಹೋದೆ. ತುಂಬ ಹೊತ್ತು ಒಣಹಾಕಿದೆ. ಒಳಗೆ ಬಂದಾಗ ಕಾಗದ ಒದ್ದೆಯಾಗದೆ ಇಟ್ಟಲ್ಲೇ ಇತ್ತು. ಅದರ ನಾಲ್ಕೂ ಮೂಲೆಗೆ ನಾಲ್ಕು ಕ್ಲಿಪ್ಪು ಹಾಕಿದ್ದಳು.

ಅಂಚೆಗೆ ಹಾಕಿದೆ. ಲೊರೇನ್‌ಗೆ ಇನ್ನೂ ಹೇಳಿಲ್ಲ.

ಅಕ್ಟೋಬರ್ ೨೦

ಮರ್ವ್‌ಗೆ ಡಾಟ್ ಹೇಳಿಬಿಟ್ಟಿದ್ದಾಳೆ. ಅವನು ಟೋಪಿ ತೆಗೆದು ಬಾಗಿಲಲ್ಲಿ ನಿಂತ, ಕೈಯಲ್ಲೊಂದು ಬಿಸಿ ಪೈ.

"ಈ ವರ್ಷ ಗಡಿಯಾರದ ಮೋಸಕ್ಕೆ ಬೀಳದೇ ಇರೋಳು ಇವಳೊಬ್ಬಳೇ ಅಂತೆ. ನಾನೂ ಮೂರನೇ ತಾರೀಖು ಏಳೂವರೆಗೇ ಎದ್ದು ಓಡಿದ್ದೆ, ಗೊತ್ತಾಗಿದ್ದು ನೀರು ನೋಡಿದ ಮೇಲೆ. ಯಾರಿಗೂ ಹೇಳಬೇಡಮ್ಮ, ಪೈ ನನ್ನ ಮೇಲೆ ಬರತ್ತೆ."

ನನ್ನನ್ನು ನೋಡಿ ತೊಡೆ ತಟ್ಟಿ ನಕ್ಕವನು ಇವನು! ಟೆಗನ್ ಪೈಯ ಮೇಲಿನ ಹೊದಿಕೆ ಮಾತ್ರ ತಿಂದು ಉಳಿದದ್ದನ್ನು ಅವನ ಟೋಪಿಯೊಳಗೆ ಇಟ್ಟಳು. ಡಾಟ್ ನಕ್ಕೂ ನಕ್ಕೂ ಕೆಮ್ಮಿದಳು. ನಾನೂ ನಕ್ಕೆ.

ಬೂಟು ಮಾತ್ರ ಇನ್ನೂ ಮುಟ್ಟಿಲ್ಲ. ದಿನಾ ನೋಡುತ್ತೇನೆ.

ನವೆಂಬರ್ ೯, ಗುರುವಾರ

ಪ್ರತಿಷ್ಠಾನದಿಂದ ಫೋನು ಬಂತು. ಯೂನಿಸ್ ಜೆನ್ಷ್ ಎಂಬವರು, ವಯಸ್ಸಾದ ದನಿ.

"ನಿಮ್ಮ ಮೊದಲನೇ ಅರ್ಜಿ ನೆರವು ಕೊಡಬೇಕಾದೋರ ಗುಂಪಲ್ಲಿತ್ತಮ್ಮ. ಪತ್ರ ಬಂದ ಮೇಲೆ ಸಮಿತಿಯವರಿಗೆ ಗೊಂದಲ ಆಯ್ತು. ಎರಡರಲ್ಲಿ ಯಾವುದನ್ನ ನಂಬಬೇಕು?"

"ಎರಡನೇದನ್ನ, ಮೇಡಂ."

"ಹಾಗಾದ್ರೆ ಈ ಸಲ ಆಗಲ್ಲ. ನೀವು ಕೇಳಿರೋದು ಚಿತ್ರದ ಫಲಕ. ಅವಳು ಓದ್ತಾಳೆ ಅಂದ್ರೆ ಅಕ್ಷರದ್ದು ಬೇಕು, ಅದಕ್ಕೆ ತಜ್ಞರ ಹೊಸ ವರದಿ ಬೇಕು. ಮಾರ್ಚ್‌ನಲ್ಲಿ ಮತ್ತೆ ಹಾಕಿ. ಸಿಗತ್ತೆ ಅಂತ ಮಾತು ಕೊಡಕ್ಕೆ ಆಗಲ್ಲ."

ಆಗಲಿ ಎಂದೆ. ಫೋನು ಇಡುತ್ತಾರೆಂದುಕೊಂಡೆ, ಇಡಲಿಲ್ಲ.

"ಇಪ್ಪತ್ತು ವರ್ಷದಿಂದ ಒಂಬತ್ತನೇ ಪ್ರಶ್ನೆಯ ಉತ್ತರ ಓದ್ತಾ ಇದೀನಿ. ಅದನ್ನ ಮಗೂನೂ ಓದಬಹುದು ಅಂತ ನಂಗೆ ಒಂದು ಸಲಾನೂ ಹೊಳೆದಿರ್ಲಿಲ್ಲಮ್ಮ. ಅದನ್ನ ಹೇಳಬೇಕು ಅನ್ನಿಸ್ತು."

ಹಿಂದಿನ ಕೋಣೆಗೆ ಹೋಗಿ, ಸಿಂಪಿಯ ಚೀಲಗಳ ನಡುವೆ ಕುಳಿತು ಅತ್ತೆ. ಮಾರ್ಚ್ ಬಹಳ ದೂರ. ಆಮೇಲೆ ಲೊರೇನ್‌ಗೆ ಫೋನು ಮಾಡಿ ಪತ್ರದ ವಿಷಯವನ್ನೂ ಹೇಳಿದೆ. ಲೊರೇನ್ "ನಾನು ಹೇಳಿದ್ನಲ್ಲ" ಎನ್ನಲಿಲ್ಲ, ಎಂದಿದ್ದರೆ ಚೆನ್ನಾಗಿತ್ತು. "ಡಿಸೆಂಬರ್‌ನಲ್ಲಿ ತಜ್ಞೆ ಬಂದಾಗ ನಾನೂ ಬರ್ತೀನಿ, ವರದಿ ಬರೆಸ್ಕೊಂಡೇ ಕಳಿಸೋಣ," ಎಂದಳು.

ನವೆಂಬರ್ ೧೦

ಟೆಗನ್,

ಈ ಪುಸ್ತಕ ನಿನ್ನ ಕೆಟ್ಟ ದಿನ ಬರೆಯಲೆಂದು ಶುರು ಮಾಡಿದ್ದು. ನೀನು ಓದಿರಬಹುದು. ಅಕ್ಟೋಬರ್ ಮೂರನೆಯ ತಾರೀಖು ನೀನು ಹೇಳಿದ್ದೇ ಸರಿ. ನಾನು ಕೇಳಿಸಿಕೊಳ್ಳಲಿಲ್ಲ. ತಪ್ಪಾಯಿತು ಮಗಳೇ. ಆ ದಿನ ನಾನು ಕೂಗಿದ ಮಾತು ಒಂದೂ ನಿಜವಲ್ಲ.

ಫಲಕ ಇನ್ನೂ ಬಂದಿಲ್ಲ. ಬರುವವರೆಗೆ ಪೆನ್ಸಿಲ್ ಇಲ್ಲೇ ಇಟ್ಟಿರುತ್ತೇನೆ.

ಅಮ್ಮ

ನವೆಂಬರ್ ೧೧, ಶನಿವಾರ

ಪುಸ್ತಕವನ್ನು ತೆರೆದೇ ಬಿಟ್ಟಿದ್ದೆ. ಬೆಳಗ್ಗೆ ಎದ್ದಾಗ ಪೆನ್ಸಿಲ್ ಜಾಗ ಬದಲಾಗಿತ್ತು. ನನ್ನ ಹೆಸರಿನ ಕೆಳಗೆ ಅಚ್ಚಿನ ಅಕ್ಷರಗಳಂತೆಯೇ, ಪುಟ ಹರಿಯುವಷ್ಟು ಒತ್ತಿ ಬರೆದದ್ದು:

ಒಂದು ಗಂಟೆ ಕೂಡಿಸಿ

ಅಷ್ಟೇ. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಪಟ್ಟಿ ನೋಡಿದೆ, ಇಳಿತ ಒಂಬತ್ತಕ್ಕೆ. ಎಂದರೆ ಹತ್ತಕ್ಕೆ. ದೋಣಿ ಎಂಟೂವರೆಗೆ. ಒಲೆಯ ಗಡಿಯಾರದಲ್ಲಿ ಈಗ ಎಂಟೂ ಇಪ್ಪತ್ತು, ಡಾಟ್ ಬರುವ ಸದ್ದಾಗುತ್ತಿದೆ.

ಬೂಟು ಬಾಗಿಲಲ್ಲಿದೆ, ಮೂತಿ ಹೊರಗೆ ಮಾಡಿ. ಹೊರಟೆ.